ದೊಡ್ಡವರ ತರಗತಿಯಲ್ಲಿ ಯಾರ ಪಕ್ಕ ಯಾರು? ಗುಂಪು ಸರಿಯಿದ್ದರೆ ಮಾತ್ರ ಅಕ್ಷರ ನಿಲ್ಲುತ್ತೆ

ತಳಕು: ಅಕ್ಷರ ಕಲಿಯೋಕೆ ಬಂದ ದೊಡ್ಡವರು ಮೊದಲ ದಿನ ಎಲ್ಲಿ ಕೂರುತ್ತಾರೆ? ಯಾವ ಊರಿನ ರಾತ್ರಿ ತರಗತಿಗೆ ಹೋಗಿ ನೋಡಿದರೂ ಚಿತ್ರ ಹೆಚ್ಚುಕಮ್ಮಿ ಒಂದೇ. ಗಂಡಸರು ಬಾಗಿಲ ಹತ್ತಿರ, ಹೆಂಗಸರು ಗೋಡೆ ಕಡೆ. ಒಂದೇ ಕೇರಿಯವರು ಒಟ್ಟಿಗೆ, ಒಂದೇ ಸಂಘದವರು ಒಟ್ಟಿಗೆ. ಸ್ವಲ್ಪ ಓದು ಬರುವವರು ಬೋರ್ಡಿನ ಮುಂದೆ, ಏನೂ ಬಾರದವರು ಕೊನೆಯಲ್ಲಿ. ಮನೆಯಲ್ಲಿ ತೆಲುಗು ಮಾತಾಡುವವರು ಒಂದು ಮೂಲೆಯಲ್ಲಿ. ಹೀಗೆ ಕೂರಿ ಅಂತ ಯಾರೂ ಹೇಳಿರೋದಿಲ್ಲ, ಆದರೂ ಊರು ಹೇಗಿದೆಯೋ ತರಗತಿಯೂ ಹಾಗೇ ಕೂತಿರುತ್ತದೆ.

ಕೂತಿದ್ದು ಹಾಗೇ ಬಿಟ್ಟರೆ ಮುಂದೆ ಏನಾಗುತ್ತದೆ ಅನ್ನೋದೂ ಗೊತ್ತಿರುವ ವಿಷಯವೇ. ಮುಂದಿನ ಸಾಲು ಕಲಿಯುತ್ತದೆ, ಹಿಂದಿನ ಸಾಲು ಕೇಳಿಸಿಕೊಳ್ಳುತ್ತದೆ. ಕೆಲವು ವಾರಕ್ಕೆ ಹಿಂದಿನ ಸಾಲು ಖಾಲಿ. 'ನಮಗೆ ಈ ವಯಸ್ಸಿಗೆ ಬರಲ್ಲ ಬಿಡಿ ಸಾರ್' ಅನ್ನೋ ಒಂದು ಮಾತಿನಲ್ಲಿ ತರಗತಿ ಮುಗಿದುಹೋಗುತ್ತದೆ. ತಪ್ಪು ವಯಸ್ಸಿನದ್ದಲ್ಲ, ಬಹಳ ಸಲ ಅದು ಕೂರಿಸಿದ ರೀತಿಯದ್ದು. ಹಾಗಾಗಿ ಕಲಿಸುವವರು ಮೊದಲ ವಾರವೇ ಮಾಡಬೇಕಾದ ಕೆಲಸ ಗುಂಪು ಮಾಡೋದು. ಅದನ್ನು ಹೇಗೆ ಮಾಡಬೇಕು, ಎಲ್ಲಿ ಎಡವುತ್ತಾರೆ ಅನ್ನೋದರ ವಿವರ ಇಲ್ಲಿದೆ.

ಇಷ್ಟಕ್ಕೂ ಇದು ಯಾಕೆ ಮುಖ್ಯ?

ತಳಕು ಅಕ್ಷರಕ್ಕೆ ಹೆಸರಾದ ಊರು. ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರಾದ ಟಿ.ಎಸ್. ವೆಂಕಣ್ಣಯ್ಯನವರದು ಇದೇ ಊರಿನ ಮನೆತನ. ಕುವೆಂಪು ತಮ್ಮ 'ಶ್ರೀ ರಾಮಾಯಣ ದರ್ಶನಂ' ಕೃತಿಯನ್ನು ಅರ್ಪಿಸಿದ್ದು ಈ ಗುರುವಿಗೆ. 'ದುರ್ಗಾಸ್ತಮಾನ' ಬರೆದ ತ.ರಾ. ಸುಬ್ಬರಾಯರ ಹೆಸರಿನ ಮೊದಲ ಅಕ್ಷರ 'ತ' ಅಂದರೆ ತಳಕು.

ಅದರ ಜೊತೆಗೆ ಇನ್ನೊಂದು ಲೆಕ್ಕವೂ ಇದೆ. 2011ರ ಜನಗಣತಿ ಪ್ರಕಾರ ಚಿತ್ರದುರ್ಗ ಜಿಲ್ಲೆಯ ಸಾಕ್ಷರತೆ ಶೇ 73.71. ಗಂಡಸರಲ್ಲಿ ಶೇ 81.37, ಹೆಂಗಸರಲ್ಲಿ ಶೇ 65.88. ಅಂದರೆ ಏಳು ವರ್ಷ ದಾಟಿದ ಹೆಣ್ಣುಮಕ್ಕಳಲ್ಲಿ ಮೂವರಲ್ಲಿ ಒಬ್ಬರಿಗೆ ಆಗ ಓದು ಬರಹ ಬರುತ್ತಿರಲಿಲ್ಲ. ಜನಗಣತಿಯಲ್ಲಿ ಸಾಕ್ಷರ ಅಂದರೆ ಸಹಿ ಹಾಕಲು ಬರುವವರು ಅಂತ ಅಲ್ಲ. ಯಾವುದಾದರೂ ಒಂದು ಭಾಷೆಯಲ್ಲಿ ಅರ್ಥ ತಿಳಿದು ಓದಲೂ ಬರೆಯಲೂ ಬರಬೇಕು.

ಇದು ಸರ್ಕಾರದ ಕಡತದ ಲೆಕ್ಕ ಮಾತ್ರ ಅಲ್ಲ, ಅಂಗಡಿಯ ಲೆಕ್ಕವೂ ಹೌದು. ಉದ್ರಿ ಪುಸ್ತಕದಲ್ಲಿ ಏನು ಬರೆದಿದ್ದಾರೆ ಅಂತ ಓದಲಾಗದ ಗಿರಾಕಿಗೆ ಅಂಗಡಿಯವರ ಮೇಲೆ ಒಂದು ಅನುಮಾನ ಇದ್ದೇ ಇರುತ್ತದೆ. ಶೇಂಗಾ ತೂಕದ ಚೀಟಿ, ಗೊಬ್ಬರದ ಚೀಲದ ಮೇಲಿನ ಬರಹ, ಔಷಧಿ ಡಬ್ಬಿಯ ಅವಧಿ ಮುಗಿಯುವ ದಿನಾಂಕ, ಸಂಘದ ಸಾಲದ ಪುಸ್ತಕ, ಫೋನಿಗೆ ಬಂದ ಬ್ಯಾಂಕಿನ ಮೆಸೇಜು ಎಲ್ಲಕ್ಕೂ ಇನ್ನೊಬ್ಬರನ್ನು ಕೇಳಬೇಕು. ಕೇಳಿದವರು ಸರಿಯಾಗಿ ಹೇಳಿದರೆ ಪುಣ್ಯ, ಇಲ್ಲದಿದ್ದರೆ ಮೋಸ.

ಈಗ ನಡೆಯುತ್ತಿರುವುದು ಯಾವ ಕಾರ್ಯಕ್ರಮ?

ವಯಸ್ಕರ ಶಿಕ್ಷಣ ಹೊಸದೇನಲ್ಲ. ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾದದ್ದು 1988ರಲ್ಲಿ. ಆಮೇಲೆ ಜಿಲ್ಲೆ ಜಿಲ್ಲೆಗಳಲ್ಲಿ ಸಂಪೂರ್ಣ ಸಾಕ್ಷರತಾ ಆಂದೋಲನ ನಡೆಯಿತು. ಜಾಥಾ, ಬೀದಿ ನಾಟಕ, ಲಾಟೀನಿನ ಬೆಳಕಿನ ತರಗತಿಗಳನ್ನು ಹಳಬರು ಇನ್ನೂ ಮರೆತಿಲ್ಲ. 2009ರ ಸೆಪ್ಟೆಂಬರ್ 8ರಂದು, ಅಂತರರಾಷ್ಟ್ರೀಯ ಸಾಕ್ಷರತಾ ದಿನದಂದೇ, ಸಾಕ್ಷರ ಭಾರತ ಕಾರ್ಯಕ್ರಮ ಬಂತು. ಪಂಚಾಯಿತಿಗೊಂದು ಲೋಕ ಶಿಕ್ಷಣ ಕೇಂದ್ರ, ಅದಕ್ಕೆ ಪ್ರೇರಕರು ಇದ್ದರು. ಅದು 2018ರ ಮಾರ್ಚ್‌ಗೆ ಮುಗಿಯಿತು. ಈಗ ಇರುವುದು 2022ರಿಂದ 2027ರವರೆಗಿನ ನವ ಭಾರತ ಸಾಕ್ಷರತಾ ಕಾರ್ಯಕ್ರಮ, ಜನರ ಬಾಯಲ್ಲಿ 'ಉಲ್ಲಾಸ್'. 15 ವರ್ಷ ದಾಟಿದ ಯಾರು ಬೇಕಾದರೂ ಕಲಿಯಬಹುದು. ಕಲಿಸುವವರು ಸಂಬಳದವರಲ್ಲ, ಸ್ವಯಂಸೇವಕರು. ಕೊನೆಯಲ್ಲಿ ಓದು, ಬರಹ, ಲೆಕ್ಕ ಈ ಮೂರಕ್ಕೆ ತಲಾ 50ರಂತೆ 150 ಅಂಕದ ಪರೀಕ್ಷೆ ಇರುತ್ತದೆ.

ಕಲಿಸಲು ಬರುವವರು ಹೆಚ್ಚಾಗಿ ಡಿಗ್ರಿ ಓದುವ ಮಕ್ಕಳು, ಸಂಘದ ಪುಸ್ತಕ ಬರೆಯುವ ಹೆಣ್ಣುಮಕ್ಕಳು, ನಿವೃತ್ತ ಮೇಷ್ಟ್ರುಗಳು. ಪುಸ್ತಕ ಕೈಗೆ ಸಿಗುತ್ತದೆ, ಪಾಠ ಹೇಗೆ ಮಾಡಬೇಕು ಅನ್ನೋದೂ ಗೊತ್ತಾಗುತ್ತದೆ. ಯಾರನ್ನು ಯಾರ ಪಕ್ಕ ಕೂರಿಸಬೇಕು ಅನ್ನೋದು ಮಾತ್ರ ಪುಸ್ತಕದಲ್ಲಿ ಸಿಗೋದಿಲ್ಲ. ಅದು ಊರು ಗೊತ್ತಿದ್ದವರಿಗೆ ಮಾತ್ರ ತಿಳಿಯುವಂಥದ್ದು.

ನಲಿಕಲಿ ತಟ್ಟೆ ದೊಡ್ಡವರಿಗೆ ನಡೆಯುತ್ತಾ?

ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳಿಸಿದವರಿಗೆಲ್ಲ ನಲಿಕಲಿ ಗೊತ್ತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಈ ಪದ್ಧತಿ ಆಮೇಲೆ ರಾಜ್ಯಕ್ಕೆಲ್ಲ ಹರಡಿತು. ಅಲ್ಲಿ ಐದು ತಟ್ಟೆ, ಅಂದರೆ ಐದು ಗುಂಪು. ಶಿಕ್ಷಕರ ಪೂರ್ತಿ ಸಹಾಯ ಬೇಕಾದವರು ಒಂದರಲ್ಲಿ, ತಾನೇ ಕಲಿಯುವವರು ಇನ್ನೊಂದರಲ್ಲಿ, ಮಧ್ಯದಲ್ಲಿ ಸಹಪಾಠಿಯ ಸಹಾಯದಿಂದ ಕಲಿಯುವವರು. ಮಗು ಒಂದು ಮೆಟ್ಟಿಲು ದಾಟಿದರೆ ಗುಂಪೂ ಬದಲಾಗುತ್ತದೆ.

ದೊಡ್ಡವರಿಗೆ ಇದನ್ನು ಹಾಗೇ ತರೋಕೆ ಆಗಲ್ಲ. ಏನೂ ಬಾರದವರ ಗುಂಪು ಅಂತ ಒಂದು ಮಾಡಿ 50 ವರ್ಷದ ಹಿರಿಯರನ್ನು ಅಲ್ಲಿ ಕೂರಿಸಿದರೆ ಮಾರನೇ ದಿನ ಅವರು ಬರುವುದಿಲ್ಲ. ಮಗುವಿಗೆ ಅದು ಆಟ, ಹಿರಿಯರಿಗೆ ಮರ್ಯಾದೆ ಪ್ರಶ್ನೆ. ಆದರೆ ನಲಿಕಲಿಯಲ್ಲಿ ಒಂದು ಪಾಠ ಇದೆ: ಪಕ್ಕದಲ್ಲಿ ಕೂತವರಿಂದಲೂ ಕಲಿಯಬಹುದು, ಎಲ್ಲವನ್ನೂ ಬೋರ್ಡಿನಿಂದಲೇ ಕಲಿಯಬೇಕಿಲ್ಲ. ಅದನ್ನು ಇಟ್ಟುಕೊಂಡು ಗುಂಪನ್ನು ಮಾತ್ರ ಬೇರೆ ಥರ ಮಾಡಬೇಕು. ಬಲ್ಲವರು, ಅರ್ಧ ಬಲ್ಲವರು, ಬಾರದವರು ಒಂದೇ ಗುಂಪಿನಲ್ಲಿ ಇರಬೇಕು.

20 ಜನರಿದ್ದರೆ ಹೀಗೆ ಮಾಡಿ

ಒಂದು ತರಗತಿಗೆ 20 ಜನ ಬಂದಿದ್ದಾರೆ ಅಂದುಕೊಳ್ಳಿ. 14 ಹೆಂಗಸರು, 6 ಗಂಡಸರು. ತಡವರಿಸಿ ಓದಬಲ್ಲವರು 4, ಅಕ್ಷರ ಗುರುತಿಸುವವರು 8, ಏನೂ ಬಾರದವರು 8. ಮನೆ ಮಾತು ತೆಲುಗು ಇರುವವರು 4. ದಲಿತ ಕೇರಿಯಿಂದ ಬಂದವರು 6. ತಲಾ 5 ಜನರ 4 ಗುಂಪು ಮಾಡಬೇಕು.

ಮೊದಲು ಓದಬಲ್ಲ ನಾಲ್ವರನ್ನು ನಾಲ್ಕು ಗುಂಪಿಗೆ ಒಬ್ಬೊಬ್ಬರಂತೆ ಹಾಕಿ. ಅಕ್ಷರ ಬಲ್ಲವರು ಇಬ್ಬಿಬ್ಬರು, ಬಾರದವರು ಇಬ್ಬಿಬ್ಬರು. ಇಲ್ಲಿಗೆ ನಾಲ್ಕೂ ಗುಂಪು ಸಮ.

ಎರಡನೆಯದು ಗಂಡಸರು. 6 ಜನರನ್ನು ನಾಲ್ಕೂ ಗುಂಪಿಗೆ ಹಂಚಲು ಹೋದರೆ ಎರಡು ಗುಂಪಿನಲ್ಲಿ ಒಬ್ಬೊಬ್ಬರೇ ಆಗುತ್ತಾರೆ. ಹಾಗೆ ಮಾಡೋ ಬದಲು ಮೂರು ಗುಂಪಿಗೆ ಇಬ್ಬಿಬ್ಬರನ್ನು ಹಾಕಿ, ನಾಲ್ಕನೆಯದು ಪೂರ್ತಿ ಹೆಂಗಸರ ಗುಂಪಾಗಲಿ. ಮಾವನ ಎದುರು, ಭಾವನ ಎದುರು ಬಾಯಿ ಬಿಡದ ಸೊಸೆಯಂದಿರಿಗೆ ಆ ಗುಂಪು ಬೇಕಾಗುತ್ತದೆ. ಮಾವ ಸೊಸೆ ಇಬ್ಬರೂ ಒಂದೇ ತರಗತಿಗೆ ಬಂದಿದ್ದರೆ ಬೇರೆ ಬೇರೆ ಗುಂಪು, ಸಾಧ್ಯವಾದರೆ ಎರಡು ಮೂಲೆ.

ಮೂರನೆಯದು ಕೇರಿ. 6 ಜನರನ್ನು ಮೂರು ಗುಂಪಿಗೆ ಇಬ್ಬಿಬ್ಬರಂತೆ ಹಾಕಿ. ಎಲ್ಲರನ್ನೂ ಒಂದೇ ಗುಂಪಿಗೆ ಹಾಕಿದರೆ ಅದು ತರಗತಿಯೊಳಗೇ ಇನ್ನೊಂದು ಕೇರಿ ಮಾಡಿದಂತೆ. ಒಬ್ಬೊಬ್ಬರನ್ನೇ ಹಂಚಿದರೆ ಆ ಒಬ್ಬರು ಬಾಯಿ ಮುಚ್ಚಿಕೊಂಡು ಕೂರುತ್ತಾರೆ. ತೆಲುಗು ಮನೆಯವರಿಗೂ ಇದೇ ಲೆಕ್ಕ: ಎರಡು ಗುಂಪು, ಇಬ್ಬಿಬ್ಬರು.

ಇದರ ಹಿಂದಿನ ನಿಯಮ ಒಂದೇ. ಎಲ್ಲ ಥರದವರೂ ಬೆರೆಯಬೇಕು, ಆದರೆ ಗುಂಪಿನಲ್ಲಿ ಯಾರೂ ಒಂಟಿಯಾಗಬಾರದು. 'ಎಲ್ಲಾ ಗುಂಪಿಗೂ ಒಬ್ಬೊಬ್ಬರು' ಅನ್ನೋದು ನೋಡಲು ಸಮಾನತೆ ಥರ ಕಾಣುತ್ತದೆ. ಕೂತವರಿಗೆ ಮಾತ್ರ ಅದು ಸಾಕ್ಷಿ ಕಟಕಟೆ.

ಹೆಸರು ಕೂಗುವಾಗ 'ತೆಲುಗಿನವರು ಇಲ್ಲಿ, ಕೇರಿಯವರು ಅಲ್ಲಿ' ಅಂತ ಯಾವತ್ತೂ ಹೇಳಬಾರದು. ಮೊದಲೇ ಮನೆಯಲ್ಲಿ ಕೂತು ಪಟ್ಟಿ ಮಾಡಿಕೊಂಡು ಬಂದು, ಗುಂಪಿಗೆ ಮಗ್ಗ, ಕಂಬಳಿ, ನೇಗಿಲು, ತಕ್ಕಡಿ ಅಂತ ಹೆಸರಿಟ್ಟು ಕರೆದರೆ ಸಾಕು.

ಚೌಡಿಯೋ, ಗುಡಿಯೋ, ಶಾಲೆಯೋ?

ಗುಂಪಿಗಿಂತ ಮೊದಲೇ ತೀರ್ಮಾನ ಆಗಬೇಕಾದ್ದು ಜಾಗ. ಗುಡಿಯ ಪಡಸಾಲೆಯಲ್ಲಿ ತರಗತಿ ಇಟ್ಟರೆ ಕೆಲವರು ಬರೋದೇ ಇಲ್ಲ, ಬಂದರೂ ಮೆಟ್ಟಿಲ ಮೇಲೇ ನಿಲ್ಲುತ್ತಾರೆ. ಒಬ್ಬರ ಮನೆ ಜಗಲಿಯಲ್ಲಿ ಇಟ್ಟರೆ ಆ ಮನೆಯವರಿಗೆ ಆಗದವರು ಬರಲ್ಲ. ಸರ್ಕಾರಿ ಶಾಲೆ, ಅಂಗನವಾಡಿ, ಪಂಚಾಯಿತಿ ಗ್ರಂಥಾಲಯ ಇವು ಯಾರೊಬ್ಬರದೂ ಅಲ್ಲ, ಎಲ್ಲರದೂ ಹೌದು. ಕುಡಿಯುವ ನೀರಿನ ಕೊಡ ಒಂದೇ ಇರಲಿ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿ 75 ವರ್ಷ ದಾಟಿದೆ. ತರಗತಿಯಲ್ಲಿ ಬೇರೆ ಚಾಪೆ, ಬೇರೆ ಲೋಟ ಇಟ್ಟರೆ ಅದು ಬರೀ ಕೆಟ್ಟ ಅಭ್ಯಾಸ ಅಲ್ಲ, ಅಪರಾಧ.

ಹೀಗೆ ಬೆರೆಸಿ ಕೂರಿಸಿದರೆ ಜಗಳ ಆಗಲ್ವಾ ಅಂತ ಕೇಳುವವರಿದ್ದಾರೆ. ಇದರ ಬಗ್ಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಬರೆದಿದ್ದಾರೆ. ಜನ ಬರೀ ಅಕ್ಕಪಕ್ಕ ಕೂತರೆ ಮನಸ್ಸು ಹತ್ತಿರ ಆಗೋದಿಲ್ಲ. ಅದಕ್ಕೆ ನಾಲ್ಕು ಬೇಕು: ಕೂತಲ್ಲಿ ಎಲ್ಲರೂ ಸಮಾನರಾಗಿರಬೇಕು, ಗುರಿ ಒಂದೇ ಇರಬೇಕು, ಅದನ್ನು ಮುಟ್ಟಲು ಒಬ್ಬರಿಗೊಬ್ಬರು ಬೇಕಾಗಬೇಕು, ದೊಡ್ಡವರ ಬೆಂಬಲ ಇರಬೇಕು. ಕೊನೆಯದು ಇಲ್ಲಿ ಬಹಳ ಮುಖ್ಯ. ಪಂಚಾಯಿತಿ ಅಧ್ಯಕ್ಷರೋ, ಹೆಡ್‌ಮಾಸ್ಟರೋ ಮೊದಲ ದಿನ ಬಂದು ಅದೇ ಚಾಪೆಯ ಮೇಲೆ ಎಲ್ಲರ ಜೊತೆ ಕೂತು ಎದ್ದರೆ ಅರ್ಧ ಕೆಲಸ ಆದ ಹಾಗೆ.

ಒಬ್ಬರಿಗೊಬ್ಬರು ಬೇಕಾಗುವುದು ಹೇಗೆ?

ಗುಂಪು ಮಾಡಿದ ಮೇಲೆ ಹೆಚ್ಚಿನವರು ಎಡವೋದು ಇಲ್ಲೇ. ಐದು ಜನರನ್ನು ಸುತ್ತ ಕೂರಿಸಿ 'ಸೇರಿ ಓದಿ' ಅಂದರೆ ಬಲ್ಲವರೊಬ್ಬರು ಓದುತ್ತಾರೆ, ಉಳಿದ ನಾಲ್ವರು ತಲೆಯಾಡಿಸುತ್ತಾರೆ. ಕೆಲಸವನ್ನೇ ತುಂಡು ಮಾಡಿ ಹಂಚಬೇಕು.

1971ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ ಕರಿಯ, ಬಿಳಿಯ ಮಕ್ಕಳನ್ನು ಒಂದೇ ಶಾಲೆಗೆ ಸೇರಿಸಿದಾಗ ಗಲಾಟೆ ಶುರುವಾಗಿತ್ತು. ಆಗ ಎಲಿಯಟ್ ಆರಾನ್ಸನ್ ಮತ್ತು ಅವರ ವಿದ್ಯಾರ್ಥಿಗಳು ಒಂದು ಉಪಾಯ ಮಾಡಿದರು. ಪಾಠವನ್ನು ತುಂಡು ಮಾಡಿ ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಟ್ಟರು. ಎಲ್ಲರ ತುಂಡು ಕೂಡಿದರೇ ಪಾಠ ಪೂರ್ತಿ. ಹಾಗಾಗಿ ಪಕ್ಕದವರ ಮಾತು ಕೇಳಲೇಬೇಕಾಯಿತು.

ಇದನ್ನು ನಮ್ಮ ಕಡೆಯ ತರಗತಿಗೆ ತರೋದು ಸುಲಭ. ಬ್ಯಾಂಕಿನಿಂದ ಹಣ ತೆಗೆಯುವ ಚೀಟಿಯನ್ನೇ ತಗೊಳ್ಳಿ. ಅದರಲ್ಲಿ ಐದು ಕೆಲಸ ಇದೆ: ದಿನಾಂಕ, ಖಾತೆ ನಂಬರು, ಹೆಸರು ಮತ್ತು ಸಹಿ, ಅಂಕಿಯಲ್ಲಿ ಮೊತ್ತ, ಅಕ್ಷರದಲ್ಲಿ ಮೊತ್ತ. ಗುಂಪಿನ ಐವರಿಗೆ ಒಬ್ಬೊಬ್ಬರಿಗೆ ಒಂದು. ಮೊದಲು ನಾಲ್ಕೂ ಗುಂಪಿನ 'ದಿನಾಂಕ'ದವರು ನಾಲ್ವರು ಒಂದು ಕಡೆ ಕೂತು ಅದನ್ನು ಕಲಿಯುತ್ತಾರೆ. 'ಖಾತೆ ನಂಬರಿ'ನವರು ಇನ್ನೊಂದು ಕಡೆ. ಹೀಗೆ ಐದೂ ಕೆಲಸದವರು ಕಲಿತು ತಮ್ಮ ಗುಂಪಿಗೆ ವಾಪಸ್ ಬಂದು ಉಳಿದವರಿಗೆ ಹೇಳಿಕೊಡುತ್ತಾರೆ. ಏನೂ ಬಾರದವರಿಗೆ ಮೊದಲು ದಿನಾಂಕವೋ ಖಾತೆ ನಂಬರೋ ಕೊಡಿ, ಅದು ನೋಡಿ ಬರೆಯುವ ಅಂಕಿ. ಮುಂದಿನ ವಾರ ಕೆಲಸ ಬದಲಿಸಿ. ಅಂಕಿಯಲ್ಲಿ ಬರೆದ ಮೊತ್ತ, ಅಕ್ಷರದಲ್ಲಿ ಬರೆದ ಮೊತ್ತ ತಾಳೆಯಾಗದಿದ್ದರೆ ಚೀಟಿ ನಡೆಯಲ್ಲ. ಹಾಗಾಗಿ ಅವರಿಬ್ಬರೂ ಒಬ್ಬರನ್ನೊಬ್ಬರು ಕೇಳಲೇಬೇಕು.

ಓದು ಬಾರದವರು ದಡ್ಡರಲ್ಲ

ಮೂರು ಚೀಲ ಶೇಂಗಾ. 38 ಕಿಲೋ, 41 ಕಿಲೋ, 39 ಮುಕ್ಕಾಲಲ್ಲ, ಮೂವತ್ತೊಂಬತ್ತೂವರೆ. ಕ್ವಿಂಟಲ್‌ಗೆ 6,200 ರೂಪಾಯಿ ಅಂತ ಇಟ್ಟುಕೊಳ್ಳಿ. ಒಟ್ಟು 118.5 ಕಿಲೋ, ಕಿಲೋಗೆ 62ರಂತೆ 7,347 ರೂಪಾಯಿ. ಸಂತೆಯಲ್ಲಿ ವ್ಯಾಪಾರ ಮಾಡಿ ಬೆಳೆದ ಎಷ್ಟೋ ಹೆಂಗಸರು ಇದನ್ನು ಬಾಯಲ್ಲೇ ಹೇಳಿಬಿಡುತ್ತಾರೆ. ಡಿಗ್ರಿ ಓದಿದ ಹುಡುಗ ಮೊಬೈಲ್ ತೆಗೆದು ಒತ್ತುವಷ್ಟರಲ್ಲಿ ಅವರ ಲೆಕ್ಕ ಮುಗಿದಿರುತ್ತದೆ. ಅವರಿಗೆ ಬಾರದ್ದು ಲೆಕ್ಕ ಅಲ್ಲ, ಲೆಕ್ಕವನ್ನು ಕಾಗದದ ಮೇಲೆ ಇಡೋದು.

ಕುರಿ ಕಾಯುವವರು ನೂರಾರು ತಲೆಯನ್ನು ಕಣ್ಣಲ್ಲೇ ಎಣಿಸುತ್ತಾರೆ. ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವವರು ಎಳೆ ಎಣಿಸಿ ಅಂಚಿನ ಚಿತ್ರ ತೆಗೆಯುತ್ತಾರೆ. ಚಳ್ಳಕೆರೆ ಕಂಬಳಿ ನೇಯುವವರಿಗೆ ಉದ್ದ ಅಗಲದ ಅಳತೆ ಕೈಯಲ್ಲೇ ಇರುತ್ತದೆ. ಗುಂಪು ಮಾಡುವಾಗ ಓದಿನ ಮಟ್ಟವನ್ನು ಮಾತ್ರ ನೋಡಿದರೆ ಈ ಜಾಣತನ ಲೆಕ್ಕಕ್ಕೆ ಬರೋದಿಲ್ಲ. ಗುಂಪಿಗೊಬ್ಬರು ಬಾಯಿಲೆಕ್ಕದವರು ಇರಲಿ. ಅಕ್ಷರದ ದಿನ ಓದಬಲ್ಲವರು ಗುರು, ಲೆಕ್ಕದ ದಿನ ಇವರೇ ಗುರು. ನಿನ್ನೆ ಕೇಳಿಸಿಕೊಂಡವರು ಇವತ್ತು ಹೇಳಿಕೊಟ್ಟರೆ ಮರ್ಯಾದೆ ಇಬ್ಬರಿಗೂ ಉಳಿಯುತ್ತದೆ.

ಬ್ರೆಜಿಲ್ ದೇಶದ ಪೌಲೋ ಫ್ರೇರೆ 1963ರಲ್ಲಿ ಆಂಜಿಕೋಸ್ ಅನ್ನೋ ಊರಲ್ಲಿ 300ರಷ್ಟು ಕೂಲಿಕಾರರಿಗೆ ಅಕ್ಷರ ಕಲಿಸಿದ್ದು ಹೀಗೇ. ತರಗತಿ ಅನ್ನುವ ಬದಲು ವೃತ್ತದಲ್ಲಿ ಕೂರಿಸಿ, ಅವರ ದಿನದ ಬದುಕಿನ ಮಾತುಗಳಿಂದಲೇ ಶುರು ಮಾಡಿದರು. ಇಲ್ಲಿ ಆ ಮಾತುಗಳು ಶೇಂಗಾ, ಮಗ್ಗ, ಕುರಿ, ಬೋರು, ಬಡ್ಡಿ ಆಗಬಹುದು. 'ಬಡ್ಡಿ' ಅನ್ನೋ ಪದ ಬೋರ್ಡಿನ ಮೇಲೆ ಬಂದರೆ ಕೊನೆ ಸಾಲಿನವರೂ ಮುಂದೆ ಬರುತ್ತಾರೆ.

ತೆಲುಗು ಮನೆ, ಕನ್ನಡ ಪುಸ್ತಕ

ಆಂಧ್ರದ ಗಡಿ ಇಲ್ಲಿಗೆ ಹತ್ತಿರ. ರಾಯದುರ್ಗ, ಕಲ್ಯಾಣದುರ್ಗದ ಕಡೆ ಸಂಬಂಧ ಬೆಳೆಸಿದ ಮನೆಗಳು ಬಹಳ. ಸೊಸೆಯಾಗಿ ಬಂದವರಿಗೆ ಕನ್ನಡ ಅರ್ಥವಾದರೂ ಮಾತಾಡಲು ಸಂಕೋಚ. ಇಂಥವರು ಹಿಂದುಳಿದವರು ಅಂತ ತಿಳಿಯೋದು ದೊಡ್ಡ ತಪ್ಪು. ಕನ್ನಡ, ತೆಲುಗು ಲಿಪಿ ಒಂದೇ ಬೇರಿನವು. ತೆಲುಗಿನಲ್ಲಿ ನಾಲ್ಕು ಅಕ್ಷರ ಬಲ್ಲವರಿಗೆ ಕನ್ನಡ ಅಕ್ಷರ ಬೇಗ ಹತ್ತುತ್ತದೆ, ತಲೆಕಟ್ಟಿನ ವ್ಯತ್ಯಾಸ ತೋರಿಸಿದರೆ ಸಾಕು. ಗುಂಪಿನಲ್ಲಿ ಎರಡೂ ಭಾಷೆ ಬಲ್ಲವರೊಬ್ಬರಿದ್ದು, ಮೊದಲು ತೆಲುಗಿನಲ್ಲಿ ಮಾತಾಡಿ ಆಮೇಲೆ ಕನ್ನಡದಲ್ಲಿ ಬರೆಯಲು ಬಿಟ್ಟರೆ ಸಂಕೋಚ ತಾನಾಗಿ ಹೋಗುತ್ತದೆ.

ಗುಂಪು ಒಡೆಯುವುದು ಯಾವಾಗ?

ಶೇಂಗಾ ಕೀಳುವ ಸುಗ್ಗಿ ಬಂದರೆ ತರಗತಿ ಅರ್ಧ. ಗೌರಸಮುದ್ರ ಮಾರಮ್ಮನ ಜಾತ್ರೆ, ನಾಯಕನಹಟ್ಟಿ ತಿಪ್ಪೇಸ್ವಾಮಿ ತೇರು ಬಂದರೆ ಪೂರ್ತಿ ಖಾಲಿ. ಮಳೆ ಕೈಕೊಟ್ಟ ವರ್ಷ ಗುಳೆ. ಇದನ್ನು ತಡೆಯೋಕೆ ಆಗಲ್ಲ, ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ಐವರ ಗುಂಪು ಮೂವರಿಗೆ ಇಳಿದರೆ ಎರಡು ಗುಂಪನ್ನು ಕೂಡಿಸಿ. ಸುಗ್ಗಿ ಮುಗಿದ ಮೇಲೆ ಹೊಸದಾಗಿ ಹಂಚಿ.

ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಿನ ದಿನಗಳಲ್ಲಿ ಹೆಂಗಸರು ಹಟ್ಟಿಯ ಹೊರಗೆ ಇರುವ ಪದ್ಧತಿ ಇನ್ನೂ ಇದೆ. ತಿಂಗಳಿಗೆ ಕೆಲವು ದಿನ ಹೀಗೆ ತಪ್ಪಿದರೆ ಪಾಠದ ಎಳೆ ಕಡಿದುಹೋಗುತ್ತದೆ, ಆಮೇಲೆ ಬರೋಕೇ ಮನಸ್ಸಾಗಲ್ಲ. ಆ ಪದ್ಧತಿ ಹೋಗಬೇಕು ಅನ್ನೋದು ಬೇರೆ ಹೋರಾಟ. ಅಲ್ಲಿಯವರೆಗೆ ಗುಂಪು ಮಾಡಬಹುದಾದ್ದು ಒಂದಿದೆ. ಪ್ರತಿಯೊಬ್ಬರಿಗೂ ಗುಂಪಿನಲ್ಲಿ ಒಬ್ಬ ಜೊತೆಗಾತಿ ಇರಲಿ. ಬಾರದ ದಿನ ಆಕೆಯೇ ಹೋಗಿ ಅವತ್ತಿನ ಪಾಠ ತೋರಿಸಿ ಬರಲಿ. ಇದು ಬಾಣಂತಿಯರಿಗೂ, ಹುಷಾರಿಲ್ಲದವರಿಗೂ ಅನುಕೂಲ.

ಒಂದು ಸಣ್ಣ ವಿಷಯವನ್ನೂ ಮರೆಯಬಾರದು. 40 ದಾಟಿದವರಿಗೆ ಹತ್ತಿರದ ಅಕ್ಷರ ಮಂಜು ಮಂಜು. 'ತಲೆಗೆ ಹತ್ತಲ್ಲ' ಅನ್ನುವವರಲ್ಲಿ ಹಲವರಿಗೆ ಬೇಕಾಗಿರೋದು ಒಂದು ಓದುವ ಕನ್ನಡಕ. ಗುಂಪು ಮಾಡುವ ಮೊದಲು ಕಣ್ಣು, ಕಿವಿ ಹೇಗಿದೆ ಅಂತ ಕೇಳಿ. ಕಿವಿ ಮಂದ ಇರುವವರನ್ನು ಗಟ್ಟಿ ದನಿಯವರ ಪಕ್ಕ ಕೂರಿಸಿ.

ಅಂಗಡಿಯವರು ಏನು ಮಾಡಬಹುದು?

ತರಗತಿ ರಾತ್ರಿ ಒಂದು ಗಂಟೆ. ಉಳಿದ ಹೊತ್ತು ಅಕ್ಷರ ಕಣ್ಣಿಗೆ ಬೀಳೋದು ಅಂಗಡಿ ಸಾಲಿನಲ್ಲೇ. ದರದ ಪಟ್ಟಿಯನ್ನು ದಪ್ಪ ಕನ್ನಡ ಅಕ್ಷರದಲ್ಲಿ ಬರೆದು ಹಾಕಬಹುದು. ಉದ್ರಿ ಬರೆಯುವಾಗ ಪುಸ್ತಕ ತಿರುಗಿಸಿ 'ಓದಿ ನೋಡಮ್ಮಾ' ಅನ್ನಬಹುದು. ಹೆಬ್ಬೆಟ್ಟಿನ ಇಂಕು ಪ್ಯಾಡು ಮುಂದೆ ತಳ್ಳುವ ಮೊದಲು ಪೆನ್ನು ಕೊಟ್ಟು ಒಂದು ನಿಮಿಷ ಕಾಯಬಹುದು. ಹಳೇ ಬಿಲ್ ಪುಸ್ತಕ, ಮುಗಿದ ಕ್ಯಾಲೆಂಡರು, ಖಾಲಿ ಬೀಜದ ಪ್ಯಾಕೆಟ್ಟು ತರಗತಿಗೆ ಕೊಟ್ಟರೆ ಗುಂಪಿನ ಕೆಲಸಕ್ಕೆ ಅದಕ್ಕಿಂತ ಒಳ್ಳೆ ಪುಸ್ತಕ ಬೇಡ.

ಗಿರಾಕಿ ತನ್ನ ಲೆಕ್ಕ ತಾನೇ ಓದಿದರೆ ಅಂಗಡಿಯವರಿಗೆ ನಷ್ಟ ಇಲ್ಲ. ಲೆಕ್ಕದ ಜಗಳ ಕಮ್ಮಿ ಆಗುತ್ತದೆ, ನಂಬಿಕೆ ಹೆಚ್ಚುತ್ತದೆ.

ಕಲಿಸುವವರಿಗೆ ಕೊನೆಯದಾಗಿ ಒಂದು ಪರೀಕ್ಷೆ. ಎರಡು ತಿಂಗಳಾದ ಮೇಲೆ ಒಂದು ದಿನ 'ಇವತ್ತು ಎಲ್ಲಿ ಬೇಕಾದರೂ ಕೂರಿ' ಅಂತ ಬಿಟ್ಟು ನೋಡಿ. ಮತ್ತೆ ಮೊದಲ ದಿನದ ಹಾಗೇ ಕೇರಿ ಕೇರಿಯಾಗಿ ಕೂತರೆ ಗುಂಪು ಇನ್ನೂ ಪಟ್ಟಿಯಲ್ಲಿ ಮಾತ್ರ ಇದೆ ಅಂತ ಅರ್ಥ. ಸ್ಲೇಟು ಹಿಡಿದು ತಮ್ಮ ಗುಂಪಿನವರನ್ನು ಹುಡುಕಿಕೊಂಡು ಹೋಗಿ ಪಕ್ಕದಲ್ಲಿ ಕೂತರೆ, ಆ ತರಗತಿ ಸುಗ್ಗಿ ಬಂದರೂ ನಿಲ್ಲಲ್ಲ.